ಕಿವಿ ಜಾಸ್ತಿ

ಬಂದರಿನ ಓಣಿ, ಒಣಮೀನಿನ ಗೋದಾಮಿನ ಎದುರು
ದೋಣಿಯ ಪಂಪು, ಮನೆಯ ಮಿಕ್ಸಿ,
ಸುಟ್ಟದ್ದನ್ನೆಲ್ಲ ಮತ್ತೆ ಸುತ್ತಿಕೊಡುವ ಇದಿನಬ್ಬರ ಅಂಗಡಿ.
ಗಿಟಾರನ್ನು ಅಂಗಾತ ಮಲಗಿಸಿ, ತಂತಿ ಸಡಿಲಿಸಿ,
ಸ್ಕ್ರೂಡ್ರೈವರಿನ ಹಿಡಿಯಿಂದ ಪಿಕಪ್ಪಿನ ನೆತ್ತಿಗೆ
ಮೆಲ್ಲ ಒಂದು ಬಡಿದರು.
ಆಂಪಿನಲ್ಲಿ ಟಕ್ ಎಂದಿತು,
ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿದ ಹಾಗೆ.

"ಇದಕ್ಕೆ ಕಿವಿ ಜಾಸ್ತಿಯಾಗಿದೆ ಮಾರಾಯ್ರೆ.
ತಂತಿದು ಮಾತ್ರ ಕೇಳ್ಬೇಕು,
ಇದು ಊರಿದ್ದೆಲ್ಲ ಕೇಳ್ತಾ ಉಂಟು."

ಕೂದಲಿಗಿಂತ ತೆಳು ತಾಮ್ರ, ಏಳೆಂಟು ಸಾವಿರ ಸುತ್ತು,
ನಡುವೆ ತುಂಬಿದ್ದ ಮೇಣ
ಟೆಂಪೋದ ಹಿಂದೆ ಎಷ್ಟೋ ಮೇ ತಿಂಗಳ ಬಿಸಿಲಿಗೆ
ಯಾರಿಗೂ ಹೇಳದೆ ಇಳಿದುಹೋಗಿದೆ.
ಈಗ ಒಂದೊಂದು ಎಳೆಯೂ ತನ್ನ ಪಾಡಿಗೆ ನಡುಗುತ್ತದೆ.

ಅದಕ್ಕೇ ಹೋದ ತಿಂಗಳು ಕುಲಶೇಖರದ ರೋಸಿನಲ್ಲಿ
ಅಜ್ಜಿ ಮದುಮಗಳ ನೆತ್ತಿಗೆ ತೆಂಗಿನ ಹಾಲು ಎರೆಯುವಾಗ
ನನ್ನ ಗಿಟಾರು ಹಂದಿಯ ಹಾಗೆ ಕಿರುಚಿದ್ದು.
ಹಾಲು ಮೂಗಿಗೆ ಹೋಗಿ ಮದುಮಗಳು ಸೀನಿದಳು,
ಚಪ್ಪರವೇ ನಕ್ಕಿತು.
ಕೀಬೋರ್ಡಿನ ಹಿಲ್ಡಾ ನಗಲಿಲ್ಲ.
"ಅದನ್ನು ಬದಲಿಸು ಸಿರಿಲ್,
ಇಲ್ಲದಿದ್ದರೆ ನಾವು ನಿನ್ನನ್ನು ಬದಲಿಸ್ತೇವೆ."

ಒಂದು ವಾರ ನಿದ್ದೆಯಿಲ್ಲ.
ಸಿಂಗಲ್ ಕಾಯಿಲೋ ಹಂಬಕರೋ,
ಆಲ್ನಿಕೋ ಅಯಸ್ಕಾಂತವೋ ಸಿರಾಮಿಕ್ಕೋ.
ಸ್ವರದ ವಿಷಯ ಬಂದರೆ ಎಲ್ಲರೂ ತಿಂಡಿಯ ಮಾತಾಡುತ್ತಾರೆ:
ಗರಿಗರಿ, ದಪ್ಪ, ಸಿಹಿ, ಸ್ವಲ್ಪ ಕರಿದ ಹಾಗೆ.
ಹಸಿದವನಂತೆ ಕೇಳುತ್ತ ಕೂತೆ.
"ಸಿರಾಮಿಕ್ಕೇ ಹಾಕಿ ಅಂಕಲ್, ಚೂರಿ ಹಾಗೆ ಕೊಯ್ಯಬೇಕು"
ಅಂದ ಕಾಲೇಜಿನ ಹುಡುಗ.
ನಾನು ನುಡಿಸುವುದು ಮದುವೆಗೆ ಮಗಾ.
ಅಲ್ಲಿ ಕೊಯ್ಯಲಿಕ್ಕೆ ಕೇಕು ಉಂಟು.

ಆ ವಾರದ್ದೇ ಒಂದು ರಾತ್ರಿ
ಪಿಕಪ್ಪಿಗೆ ಬಾಯಿಟ್ಟು ಹಲೋ ಎಂದೆ.
ಮೂಲೆಯ ಆಂಪಿನಿಂದ ನನ್ನದೇ ಹಲೋ,
ಕೊಡದೊಳಗೆ ಕೂತವನ ದನಿಯಲ್ಲಿ.
ಅಡುಗೆಮನೆಯಿಂದ ಸೆರಾಫಿನ್ ಬಂದಳು, ಕೈ ಒರೆಸಿಕೊಂಡು ಬಗ್ಗಿದಳು,
ತಂತಿಗಳ ಹತ್ತಿರ ತುಟಿ ತಂದು
"ಈ ಸಲ ಕರೆಂಟು ಬಿಲ್ಲು ಸಾವಿರದ ಇನ್ನೂರು" ಎಂದಳು.
ಬಿಲ್ಲು ಆಂಪಿನಿಂದ ಹೊರಬಂತು.
ತುಂಬ ಹೊತ್ತು ನಕ್ಕೆವು.
ಹತ್ತೊಂಬತ್ತು ವರ್ಷದ ಸಂಸಾರದಲ್ಲಿ
ಅವಳು ಆ ಗಿಟಾರಿನ ಜೊತೆ ಆಡಿದ ಮೊದಲ ಮಾತು.

"ಮೇಣ ಕಾಯಿಸಿ ಇದನ್ನೇ ಮುಳುಗಿಸಿ ಕೊಡ್ಲಾ?
ನೂರೈವತ್ತು ಕೊಡಿ, ಸಾಕು" ಎಂದರು ಇದಿನಬ್ಬ.
"ಆಮೇಲೆ ನಾವು ಮಾತಾಡಿದ್ದು ಕೇಳ್ತದಾ?"
ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.
"ಕೇಳದ ಹಾಗೆ ಮಾಡ್ಲಿಕ್ಕಲ್ವಾ ನೀವು ಬಂದದ್ದು?"

ಹಾಗಾಗಿ ಹೊಸತೇ ತರಿಸಿದೆ, ನಾಲ್ಕು ಸಾವಿರದ ಇನ್ನೂರು,
ಮರ ಕೊರೆಯದೆ ಹಳೆಯ ಗುಂಡಿಗೇ ಕೂರುವ ಸಣ್ಣ ಹಂಬಕರು.
ಒಳಗೆ ಎರಡು ಸುರುಳಿ, ಒಂದಕ್ಕೊಂದು ತಿರುಗಾಮುರುಗ.
ಒಂದರ ಗೊಣಗನ್ನು ಇನ್ನೊಂದು ನುಂಗಿಬಿಡುತ್ತದೆ.
"ಒಳ್ಳೆ ಸಂಸಾರ" ಎಂದು ಬೆಸುಗೆಯ ಹೊಗೆ ಊದಿದರು ಇದಿನಬ್ಬ.

ಸ್ವರ ಚೆನ್ನಾಗುಂಟು. ಹಿಲ್ಡಾ ಕೂಡ ತಲೆಯಾಡಿಸಿದಳು.
ಆದರೆ ಹಾಡು ಮತ್ತು ಹಾಡಿನ ನಡುವೆ,
ಭಾಷಣಕ್ಕೆ ಎದ್ದ ದೊಡ್ಡಪ್ಪ ಚೀಟಿ ಹುಡುಕುವಾಗ,
ಹಳೆಯದು ಟ್ಯೂಬ್‌ಲೈಟಿನ ಜೊತೆ ಗುಂಯ್ ಎನ್ನುತ್ತಿತ್ತು,
ತಂತಿಯ ಮೇಲೆ ಅಂಗೈ ಇಟ್ಟರೆ ಸುಮ್ಮನಾಗುತ್ತಿತ್ತು.
ಈಗ ಆನ್ ಉಂಟಾ ಇಲ್ಲವಾ ಎಂದು
ಬಗ್ಗಿ ಆಂಪಿನ ಕೆಂಪು ದೀಪ ನೋಡಬೇಕು.
ಕೈ ಮಾತ್ರ ಈಗಲೂ ಹೋಗಿ ತಂತಿಯ ಮೇಲೆ ಕೂರುತ್ತದೆ.

ಹಳೆಯದು ಸೆರಾಫಿನಳ ಹೊಲಿಗೆ ಡಬ್ಬಿಯಲ್ಲಿದೆ,
ಮೈತುಂಬ ಸೂಜಿ, ಗುಂಡುಪಿನ್ನು.
ನೆಲದ ಮೇಲೆ ಏನಾದರೂ ಬಿದ್ದರೆ
ಅದನ್ನು ಹಿಡಿದು, ಮೊಣಕಾಲೂರಿ,
ಮಂಚದಡಿ ಹುಡುಕುತ್ತಾಳೆ.